ಪ್ಲಾನ್ ಏರಿಸಿದರೆ ಗೋಡೆ ಕರಗುವುದಿಲ್ಲ

"ನೆಟ್ ಸ್ಲೋ ಅಂದ್ರೆ ಪ್ಲಾನ್ ಚೇಂಜ್ ಮಾಡ್ಸಿ ಸಾರ್. ಐವತ್ತು ಎಂಬಿಪಿಎಸ್ ಈಗ ಯಾರ ಮನೆಗೂ ಸಾಲಲ್ಲ."

ಕಳೆದ ಮಳೆಗಾಲ ನಮ್ಮ ಜಗಲಿಯ ಮೇಲೆ ನಿಂತು ಇಂಟರ್ನೆಟ್‌ನ ಹುಡುಗ ಹೇಳಿದ ಮಾತಿದು. ಹುಡುಗನ ಮೇಲೆ ನನಗೆ ಸಿಟ್ಟಿಲ್ಲ. ದಿನಕ್ಕೆ ಹತ್ತಾರು ಮನೆ ಸುತ್ತುತ್ತಾನೆ, ಮೇಲಿನವರು ಕಲಿಸಿದ್ದನ್ನು ಹೇಳುತ್ತಾನೆ. ನನ್ನ ಸಿಟ್ಟು ಆ ಮಾತಿನ ಮೇಲೆ. ಹೊಳಲೂರಿನ ಹಾಲಿನ ಡೇರಿ ಹತ್ತಿರ, ನಾಡಕಚೇರಿ ಮುಂದೆ, ಹೊನ್ನಾಳಿ ಬಸ್ಸಿನೊಳಗೆ, ಎಲ್ಲಿ ವೈಫೈ ಸುದ್ದಿ ಬಂದರೂ ಕೊನೆಗೆ ಬರುವ ತೀರ್ಪು ಇದೊಂದೇ. ವಿಡಿಯೊ ನಿಂತು ಸುತ್ತುತ್ತಿದೆಯೆ? ಪ್ಲಾನ್ ಏರಿಸಿ. ಮಗಳ ಆನ್‌ಲೈನ್ ಕ್ಲಾಸು ಕಡಿದು ಹೋಯಿತೆ? ಪ್ಲಾನ್ ಏರಿಸಿ. ಅಡಿಗೆಮನೆಗೆ ಸಿಗ್ನಲ್ ಬರುವುದಿಲ್ಲವೆ? ಅದಕ್ಕೂ ಅದೇ ಔಷಧ. ಶಿವಮೊಗ್ಗದ ಹೊಸ ಬಡಾವಣೆಗಳಲ್ಲಿ ಓದಿ ಬರೆದವರ ಬಾಯಲ್ಲೂ ಇದನ್ನೇ ಕೇಳಿದ್ದೇನೆ. ಈ ತೀರ್ಪು ತಪ್ಪು. ತಿಂಗಳು ತಿಂಗಳೂ ನೂರಿನ್ನೂರು ರೂಪಾಯಿ ಹೆಚ್ಚು ಕಟ್ಟಿಯೂ ಜನ ಅದೇ ಮೂಲೆಯಲ್ಲಿ ಅದೇ ಸುತ್ತುವ ಚಕ್ರ ನೋಡುತ್ತ ಕೂರುವುದಕ್ಕೆ ಇದೇ ಕಾರಣ.

ನಾವೂ ಮೊದಲು ಆ ಹುಡುಗನ ಮಾತು ಕೇಳಿದೆವು. ಏನಾಯಿತು ಎಂದು ಹೇಳುತ್ತೇನೆ.

ನಮ್ಮದು ಅಪ್ಪನ ಕಾಲದ ಮನೆ. ಮುಂದೆ ಜಗಲಿ, ಒಳಗೆ ಪಡಸಾಲೆ, ನಡುಮನೆ, ಅಡಿಗೆಮನೆ, ಬಚ್ಚಲು. ಅದರ ಹಿಂದೆ ತಮ್ಮ ಕಟ್ಟಿಸಿದ ಆರ್‌ಸಿಸಿ ಕೋಣೆ. ಹಳೆಯ ಭಾಗದ್ದು ಒಂದೂವರೆ ಅಡಿ ದಪ್ಪದ ಮಣ್ಣಿನ ಗೋಡೆ. ಬೀದಿಯ ಕಂಬದಿಂದ ಬಂದ ಫೈಬರ್ ತಂತಿ ಪಡಸಾಲೆಯ ಕಿಟಕಿಯಿಂದ ಒಳಗಿಳಿಯಿತು, ಇಳಿದಲ್ಲೇ ವೈಫೈ ಡಬ್ಬಿ ಕೂರಿಸಿದರು. ಟಿವಿಯ ಹಿಂದೆ, ಕಬ್ಬಿಣದ ಬೀರುವಿಗೆ ಒತ್ತಿಕೊಂಡು, ನೆಲದಿಂದ ಎರಡಡಿ ಎತ್ತರದಲ್ಲಿ. ನೋಡುವುದಕ್ಕೆ ಅಚ್ಚುಕಟ್ಟು. ಆದರೆ ಪಡಸಾಲೆಯಲ್ಲಿ ಕೂತು ಇಂಟರ್ನೆಟ್ ಬಳಸುವವರು ಮನೆಯಲ್ಲಿ ಯಾರೂ ಇಲ್ಲ. ತಮ್ಮನ ಮಗಳು ಓದುವುದು ಹಿಂದಿನ ಕೋಣೆಯಲ್ಲಿ. ಅತ್ತಿಗೆ ಸಂಜೆ ಬೆಂಗಳೂರಿನ ಮಗನ ಜೊತೆ ವಿಡಿಯೊ ಕಾಲ್ ಮಾಡುವುದು ಅಡಿಗೆಮನೆಯಿಂದ. ನಾನು ಬರೆಯುವುದು ನಡುಮನೆಯ ಮೂಲೆಯಲ್ಲಿ.

ಪ್ಲಾನನ್ನು ಐವತ್ತರಿಂದ ನೂರೈವತ್ತಕ್ಕೆ ಏರಿಸಿದೆವು. ಆ ರಾತ್ರಿ ತಮ್ಮನ ಮಗಳು ಫೋನ್ ಹಿಡಿದು ಡಬ್ಬಿಯ ಪಕ್ಕದಿಂದ ಹಿಂದಿನ ಕೋಣೆಯವರೆಗೆ ನಡೆಯುತ್ತ ಒಂದೊಂದು ಹೊಸ್ತಿಲಲ್ಲೂ ನಿಂತು ಸ್ಪೀಡ್ ಟೆಸ್ಟ್ ಮಾಡಿದಳು. ಪಡಸಾಲೆಯಲ್ಲಿ ಅರವತ್ತರ ಹತ್ತಿರ. ನಡುಮನೆಯಲ್ಲಿ ಹದಿನೈದು. ಅಡಿಗೆಮನೆಯಲ್ಲಿ ಏಳು. ಅವಳ ಕೋಣೆಯಲ್ಲಿ ಎರಡು, ಕೆಲವೊಮ್ಮೆ ಅದೂ ಇಲ್ಲ. ಹಳೆಯ ಪ್ಲಾನಿನಲ್ಲೂ ಆ ಕೋಣೆಯಲ್ಲಿ ಎರಡೇ ಇತ್ತು. ಹೆಚ್ಚಿಗೆ ಕೊಟ್ಟ ದುಡ್ಡು ಮೊದಲನೆಯ ಗೋಡೆಯನ್ನೂ ದಾಟಿರಲಿಲ್ಲ.

ಕಾರಣ ಸರಳ. ನಾವು ಕೊಳ್ಳುವ ಪ್ಲಾನ್ ಕಂಪನಿಯ ಕಡೆಯಿಂದ ನಮ್ಮ ಡಬ್ಬಿಯವರೆಗಿನ ಹರಿವಿನ ಲೆಕ್ಕ. ಡಬ್ಬಿಯಿಂದ ಫೋನಿನವರೆಗಿನ ಮೂವತ್ತು ನಲವತ್ತು ಅಡಿಗೆ ಆ ಲೆಕ್ಕ ಅನ್ವಯಿಸುವುದಿಲ್ಲ. ಅಲ್ಲಿ ನಡೆಯುವುದು ರೇಡಿಯೊ ಅಲೆ, ಗೋಡೆ, ಕಬ್ಬಿಣ, ನೀರು ಇವುಗಳ ನಡುವಿನ ವ್ಯವಹಾರ. ಚಾನಲ್‌ನಿಂದ ಗದ್ದೆಗೆ ನೀರು ಬಾರದೆ ಬೆಳೆ ಒಣಗಿದರೆ ನಮ್ಮೂರಿನ ರೈತ ಮೊದಲು ಕಾಲುವೆ ಗುಂಟ ನಡೆದು ಎಲ್ಲಿ ಕಟ್ಟಿಕೊಂಡಿದೆ ಎಂದು ನೋಡುತ್ತಾನೆ. ಡ್ಯಾಮಿನಿಂದ ಹೆಚ್ಚು ನೀರು ಬಿಡಿ ಎಂದು ಅರ್ಜಿ ಹಾಕುವುದು ಅದಾದ ಮೇಲೆ. ಇಂಟರ್ನೆಟ್ ವಿಷಯಕ್ಕೆ ಬಂದಾಗ ಇದೇ ವಿವೇಕವನ್ನು ನಾವೇಕೆ ಕೈಬಿಟ್ಟೆವು?

ರೇಡಿಯೊ ಅಲೆಯ ಸ್ವಭಾವ ನಮಗೆ ಗೊತ್ತಿಲ್ಲದ್ದೇನೂ ಅಲ್ಲ. ಭದ್ರಾವತಿ ಆಕಾಶವಾಣಿ ಕೇಳಿಕೊಂಡೇ ಈ ಸೀಮೆಯ ಎರಡು ಮೂರು ತಲೆಮಾರು ಬೆಳೆದಿದೆ. ಆ ನಿಲಯದ ಮಧ್ಯಮ ತರಂಗದ ಪ್ರಸಾರ 675 ಕಿಲೋಹರ್ಟ್ಸ್‌ನಲ್ಲಿ. ಅದರ ಒಂದು ಅಲೆಯ ಉದ್ದ ಸುಮಾರು 444 ಮೀಟರ್. ಅಷ್ಟು ಉದ್ದದ ಅಲೆಗೆ ನಮ್ಮ ಮನೆ ಒಂದು ಕಲ್ಲುಗುಂಡಿನಷ್ಟೂ ಅಡ್ಡವಲ್ಲ. ಗುಡ್ಡವನ್ನೇ ಬಳಸಿ ಹೋಗುತ್ತದೆ. ಜೊತೆಗೆ ಅಲ್ಲಿ ಪ್ರಸಾರಕ್ಕೆ ಬಳಸುವ ಶಕ್ತಿ ಕಿಲೋವಾಟ್‌ಗಳ ಲೆಕ್ಕದ್ದು. ಹಾಗಾಗಿ ಕೊಟ್ಟಿಗೆಯ ಗೂಟಕ್ಕೆ ನೇತುಹಾಕಿದ ಟ್ರಾನ್ಸಿಸ್ಟರಿನಲ್ಲೂ ವಾರ್ತೆ ಸ್ಪಷ್ಟವಾಗಿ ಕೇಳುತ್ತಿತ್ತು. ಮನೆಯ ವೈಫೈ ಡಬ್ಬಿ ನಡೆಯುವುದು 2.4 ಗಿಗಾಹರ್ಟ್ಸ್‌ನಲ್ಲಿ. ಅದರ ಅಲೆ ಹನ್ನೆರಡೂವರೆ ಸೆಂಟಿಮೀಟರ್, ಅಂದರೆ ಅರ್ಧ ಗೇಣಿಗಿಂತ ಸ್ವಲ್ಪ ಹೆಚ್ಚು. ಡಬ್ಬಿ ಹೊರಗೆ ಬಿಡುವ ಶಕ್ತಿ ಒಂದು ವಾಟ್‌ನ ಹತ್ತನೆಯ ಒಂದು ಪಾಲಿನ ಆಸುಪಾಸು. ಇನ್ನೊಂದು ದಾರಿ 5 ಗಿಗಾಹರ್ಟ್ಸ್‌ನದು, ಅಲ್ಲಿ ಅಲೆ ಮೂರು ಬೆರಳಿನ ಅಗಲ. ವೇಗ ಬಹಳ, ಆದರೆ ಗೋಡೆ ದಾಟುವ ತ್ರಾಣ ಇನ್ನೂ ಕಡಿಮೆ. ಕಬ್ಬಿಣದ ಬೀರು ಇವೆರಡನ್ನೂ ಹಿಂದಕ್ಕೆ ತಳ್ಳುತ್ತದೆ. ನೀರು ತುಂಬಿದ ಸಿಂಟೆಕ್ಸ್ ನುಂಗುತ್ತದೆ. ಮಳೆಗಾಲದಲ್ಲಿ ತೇವ ಹಿಡಿದ ಮಣ್ಣಿನ ಗೋಡೆಯೂ ನುಂಗುತ್ತದೆ. ಬಯಲಿನಲ್ಲಿಯೇ ದೂರ ಎರಡು ಪಟ್ಟಾದರೆ ಸಿಗುವ ಶಕ್ತಿ ನಾಲ್ಕರಲ್ಲೊಂದು ಪಾಲಿಗೆ ಇಳಿಯುತ್ತದೆ. ನಡುವೆ ಮೂರು ಗೋಡೆ ಬಂದರೆ ಏನು ಉಳಿದೀತು?

ಟಿವಿ ಹೊಸದಾಗಿ ಊರಿಗೆ ಬಂದ ಕಾಲ ನೆನಪಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಒಬ್ಬ ಹೆಂಚಿನ ಮೇಲೆ ಹತ್ತಿ ಆಂಟೆನಾ ತಿರುಗಿಸುವುದು, ಅಂಗಳದಲ್ಲಿ ಒಬ್ಬ, ಒಳಗೆ ಟಿವಿ ಮುಂದೆ ಒಬ್ಬ. "ಬಂತಾ?" "ಬಂತು ಬಂತು, ಹೋಯ್ತು, ಆ ಕಡೆ, ಇನ್ನೂ ಸ್ವಲ್ಪ." ಬೆರಳಷ್ಟು ತಿರುಗಿಸಿದರೆ ಚಿತ್ರ ತಿಳಿಯಾಗುತ್ತಿತ್ತು. ಅಕ್ಷರ ಬಾರದ ಅಜ್ಜನಿಗೂ ತಿಳಿದಿತ್ತು, ಅಲೆ ಹಿಡಿಯುವ ಕಡ್ಡಿ ಎಲ್ಲಿ ನಿಂತಿದೆ ಎಂಬುದರಲ್ಲಿ ಎಲ್ಲ ಇದೆ ಎಂದು. ಚಿತ್ರದಲ್ಲಿ ಕಾಳು ಬಿದ್ದರೆ ದೊಡ್ಡ ಟಿವಿ ಕೊಳ್ಳಿ ಎಂದು ಆಗ ಯಾರಾದರೂ ಹೇಳಿದ್ದರೆ ಊರು ನಂಬುತ್ತಿರಲಿಲ್ಲ. ಇಂದು ಅದೇ ಊರು ನಂಬುತ್ತಿದೆ. ಡಬ್ಬಿಯೊಳಗೆ ಆಂಟೆನಾ ಅಡಗಿ ಕೂತಿರುವುದರಿಂದ ಅದು ಆಂಟೆನಾ ಎಂಬುದೇ ನಮಗೆ ಮರೆತುಹೋಗಿದೆ.

ಮರೆಸಿದ್ದು ಅಂಕಿ. 50, 100, 300 ಎಂದು ಹೇಳುವುದಕ್ಕೆ ಸುಲಭ, ಹೋಲಿಸುವುದಕ್ಕೆ ಸುಲಭ, ಬ್ಯಾನರಿನ ಮೇಲೆ ದೊಡ್ಡದಾಗಿ ಅಚ್ಚು ಹಾಕುವುದಕ್ಕೂ ಸುಲಭ. ಮನೆಯೊಳಗಿನ ಗೋಡೆಯ ಕಥೆಯನ್ನು ಬ್ಯಾನರಿನಲ್ಲಿ ಹಾಕಲಾಗದು. ಆದರೆ ನಿಜವಾಗಿ ನಮಗೆ ಬೇಕಾದದ್ದೆಷ್ಟು? 2004ರಲ್ಲಿ ಸರ್ಕಾರ ಬ್ರಾಡ್‌ಬ್ಯಾಂಡ್ ಎಂದು ಕರೆದದ್ದು 256 ಕೆಬಿಪಿಎಸ್ ವೇಗವನ್ನು. ಮುಂದೆ ಅದು 512 ಆಯಿತು. 2023ರಲ್ಲಿ 2 ಎಂಬಿಪಿಎಸ್ ಎಂದು ಬದಲಾಯಿತು. ಈ ಕನಿಷ್ಠ ಮಟ್ಟ ತೀರ ಕಡಿಮೆಯಾಯಿತು, ಒಪ್ಪುತ್ತೇನೆ. ಆದರೆ ದೊಡ್ಡ ಟಿವಿಯಲ್ಲಿ ಪೂರ್ಣ ಎಚ್‌ಡಿ ಸಿನಿಮಾ ಓಡುವುದಕ್ಕೆ ಐದು ಎಂಬಿಪಿಎಸ್ ಆಸುಪಾಸು ಸಾಕು. ಒಳ್ಳೆಯ ವಿಡಿಯೊ ಕಾಲ್‌ಗೆ ಎರಡು ಮೂರು. ನಾಲ್ಕು ಜನ ಒಟ್ಟಿಗೆ ಕೂತು ಬೇರೆ ಬೇರೆ ಸಿನಿಮಾ ನೋಡಿದರೂ ಇಪ್ಪತ್ತು ದಾಟುವುದು ಅಪರೂಪ. ಹಾಗಾದರೆ ಐವತ್ತರ ಪ್ಲಾನ್ ಇರುವ ಮನೆಯಲ್ಲಿ ಒಂದೇ ಒಂದು ಕ್ಲಾಸು ಕಡಿದುಹೋಗುವುದು ಐವತ್ತು ಸಾಲದೆ ಅಲ್ಲ. ಐವತ್ತು ಆ ಕೋಣೆಯನ್ನು ಮುಟ್ಟದೆ.

ಆಯಿತು, ಏರಿಸಿದರೆ ನಷ್ಟವೇನು, ಇದ್ದರೆ ಇರಲಿ ಎನ್ನುವವರಿದ್ದಾರೆ. ನಷ್ಟ ಇದೆ, ಅದೂ ಕಣ್ಣಿಗೆ ಕಾಣದ ನಷ್ಟ. ಮನೆಮನೆಗೆ ಕೊಡುವ ಅಗ್ಗದ ಡಬ್ಬಿಗಳಲ್ಲಿ ಇಂದಿಗೂ 2.4 ಗಿಗಾಹರ್ಟ್ಸ್ ಒಂದೇ ಇರುವಂಥವು ಇವೆ. ನಮ್ಮದೂ ಅಂಥದೇ. ಅಂಥ ಡಬ್ಬಿಯಿಂದ ಗಾಳಿಯಲ್ಲಿ, ಎದುರಿಗೆ ಕೂತವರಿಗೂ, ಐವತ್ತು ಅರವತ್ತರ ಮೇಲೆ ಸಿಗುವುದು ಕಷ್ಟ. ಡಬ್ಬಿಯ ಬೆನ್ನಿಗೆ ತಂತಿ ಸಿಕ್ಕಿಸುವ ತೂತು ಹಳೆಯ ಬಗೆಯದಾದರೆ ಅದರ ಮಿತಿಯೇ ನೂರು. ತಂತಿಯಲ್ಲೂ ಮೋಸವಿದೆ: ಒಳಗೆ ನಾಲ್ಕು ಜೋಡಿ ಎಳೆ ಇರಬೇಕಾದಲ್ಲಿ ಎರಡೇ ಜೋಡಿ ಹಾಕಿದ ಅಗ್ಗದ ಕೇಬಲ್ ಕೂಡ ನೂರಕ್ಕೇ ನಿಲ್ಲುತ್ತದೆ. ಇಂಥ ಮನೆಗೆ ಮುನ್ನೂರರ ಪ್ಲಾನ್ ಕೊಟ್ಟರೆ ಇನ್ನೂರು ಎಂಬಿಪಿಎಸ್ ಬಾಗಿಲ ಹೊರಗೇ ನಿಂತಿರುತ್ತದೆ, ದುಡ್ಡು ಮಾತ್ರ ತಿಂಗಳು ತಿಂಗಳೂ ಒಳಗಿನಿಂದ ಹೋಗುತ್ತದೆ. ಪ್ಲಾನ್ ಮಾರುವವರು ಮೊದಲು ಈ ಡಬ್ಬಿ ಆ ಪ್ಲಾನನ್ನು ತಾಳುತ್ತದೆಯೆ ಎಂದು ಹೇಳಬೇಕಾದದ್ದು ಅವರ ಧರ್ಮ. ಯಾರೂ ಹೇಳುವುದನ್ನು ನಾನು ಕೇಳಿಲ್ಲ.

ಇದಕ್ಕಿಂತ ದೊಡ್ಡ ನಷ್ಟ ರೋಗ ಪತ್ತೆಯಾಗದೆ ಉಳಿಯುವುದು. ಪ್ಲಾನ್ ಏರಿಸಿದವನು ಚಿಕಿತ್ಸೆ ಆಯಿತು ಎಂದುಕೊಳ್ಳುತ್ತಾನೆ. ಆಮೇಲೂ ಸುತ್ತಿದರೆ "ಹಳ್ಳಿ ಅಂದ್ರೆ ಹಿಂಗೇ" ಎಂದು ಕೈಚೆಲ್ಲುತ್ತಾನೆ. ಈ ಎರಡನೆಯ ಮಾತು ಮೊದಲನೆಯದರ ಅವಳಿ. ಎರಡೂ ಸೇರಿ ತಪ್ಪನ್ನು ಮಾರಿದವನ ಮೇಲಿಂದ ಇಳಿಸಿ ಕೊಂಡವನ ಮೇಲೆ ಹಾಕುತ್ತವೆ: ಒಂದೋ ನೀನು ಬಡವ, ಕಡಿಮೆ ಪ್ಲಾನ್ ಹಾಕಿಸಿದ್ದೀಯ, ಇಲ್ಲವೋ ನೀನು ಹಳ್ಳಿಯವ, ನಿನಗೆ ಇಷ್ಟೇ.

ಹಳ್ಳಿ ಎಂದರೆ ಹೀಗೇ ಎನ್ನುವುದನ್ನು ನಾನು ಒಪ್ಪುವುದಿಲ್ಲ. ಹೊಸನಗರ, ಸಾಗರದ ಕಾಡಂಚಿನ ಊರುಗಳ ಸಂಕಟ ಬೇರೆ. ಅಲ್ಲಿ ಟವರೇ ಇಲ್ಲದೆ ಮಕ್ಕಳು ಗುಡ್ಡ ಹತ್ತಿ ಕ್ಲಾಸು ಕೇಳಿದ್ದಾರೆ, "ನೋ ನೆಟ್‌ವರ್ಕ್, ನೋ ವೋಟಿಂಗ್" ಎಂದು ಊರವರು ಬೋರ್ಡ್ ಕಟ್ಟಿದ್ದಾರೆ. ಆ ಹೋರಾಟಕ್ಕೆ ನನ್ನ ತಲೆ ಬಾಗುತ್ತದೆ. ಆದರೆ ಹೊಳಲೂರು ಹೆದ್ದಾರಿ ಮೇಲಿನ ಹೋಬಳಿ ಊರು, ಶಿವಮೊಗ್ಗ ಬಸ್ಸಿನಲ್ಲಿ ಒಂದು ನಿದ್ದೆಯಷ್ಟು ದೂರ. ಫೈಬರ್ ಬೀದಿಗೆ ಬಂದಿದೆ, ಕಂಬದಲ್ಲಿದೆ, ಕಿಟಕಿಯಲ್ಲಿದೆ. ಜಿಪಾನ್ ಎಂಬ ತಂತ್ರದಲ್ಲಿ ಒಂದು ಫೈಬರ್ ತಂತಿ ಇಳಿಮುಖವಾಗಿ ಸುಮಾರು 2.5 ಗಿಗಾಬಿಟ್ ಹೊತ್ತು ತಂದು 32 ಅಥವಾ 64 ಮನೆಗೆ ಹಂಚುತ್ತದೆ. ಅದೇ ತಂತ್ರ ಬೆಂಗಳೂರಿನಲ್ಲೂ ಇರುವುದು. ಬೆಳಕು ಗಾಜಿನ ಎಳೆಯೊಳಗೆ ಓಡುವಾಗ ಹಳ್ಳಿ ಪಟ್ಟಣ ಎಂದು ನೋಡುವುದಿಲ್ಲ.

ಸರ್ಕಾರವೂ ಬಹಳ ಕಾಲ ಇದೇ ಅಂಕಿಯ ಹಿಂದೆ ಹೋಯಿತು. 2011ರ ಅಕ್ಟೋಬರಿನಲ್ಲಿ ಒಪ್ಪಿಗೆ ಸಿಕ್ಕ ರಾಷ್ಟ್ರೀಯ ಆಪ್ಟಿಕಲ್ ಫೈಬರ್ ಜಾಲ, ಮುಂದೆ ಭಾರತ್‌ನೆಟ್ ಎಂದು ಹೆಸರಾದದ್ದು, ದೇಶದ ಸುಮಾರು ಎರಡೂವರೆ ಲಕ್ಷ ಗ್ರಾಮ ಪಂಚಾಯಿತಿಗಳಿಗೆ ನೂರು ಎಂಬಿಪಿಎಸ್ ಮುಟ್ಟಿಸುತ್ತೇವೆ ಎಂದು ಹೊರಟಿತು. ಎಷ್ಟು ಕಿಲೋಮೀಟರ್ ಎಳೆದೆವು, ಎಷ್ಟು ಪಂಚಾಯಿತಿ ಮುಟ್ಟಿದೆವು ಎಂಬ ಲೆಕ್ಕ ನಡೆಯಿತು. ತಂತಿ ಒಂದೇ ಸಾಲಿನಲ್ಲಿ ಸಾಗಿದ್ದರಿಂದ ನಡುವೆ ಯಾವುದೋ ಜೆಸಿಬಿ ಒಂದು ಕಡೆ ಅಗೆದರೆ ಅದರಾಚೆಯ ಪಂಚಾಯಿತಿಗಳೆಲ್ಲ ಕತ್ತಲು. 2023ರ ಆಗಸ್ಟಿನಲ್ಲಿ ಕೇಂದ್ರ ಸಂಪುಟ 1.39 ಲಕ್ಷ ಕೋಟಿ ರೂಪಾಯಿಯ ತಿದ್ದುಪಡಿ ಯೋಜನೆಗೆ ಒಪ್ಪಿಗೆ ಕೊಟ್ಟಾಗ ಅದರ ಮುಖ್ಯ ಅಂಶಗಳಲ್ಲೊಂದು ಉಂಗುರದ ಜೋಡಣೆ: ಒಂದು ಕಡೆ ತುಂಡಾದರೆ ಇನ್ನೊಂದು ಕಡೆಯಿಂದ ಬೆಳಕು ಬರಬೇಕು. ಹನ್ನೆರಡು ವರ್ಷದ ಅನುಭವದ ಮೇಲೆ ಸರ್ಕಾರ ಇಲ್ಲಿಗೆ ಬಂದು ನಿಂತಿತು. ಕಡಿಯದೆ ಬರುವ ಹತ್ತು, ಕಡಿದು ಕಡಿದು ಬರುವ ನೂರಕ್ಕಿಂತ ಹೆಚ್ಚು ಉಪಯೋಗದ್ದು. ಮನೆಯೊಳಗೂ ಇದೇ ಸತ್ಯ. ಪಂಚಾಯಿತಿಯ ಬಾಪೂಜಿ ಸೇವಾ ಕೇಂದ್ರದಲ್ಲಿ ಪಹಣಿಗಾಗಿ ನಿಂತವರನ್ನು ಕೇಳಿ, ಸರ್ವರ್ ಡೌನ್ ಎಂದು ಮನೆಗೆ ಕಳಿಸಿದ ದಿನ ಅವರಿಗೆ ಎಂಬಿಪಿಎಸ್ ಎಷ್ಟಿದ್ದರೇನು?

ಕಡಿಯುವುದಕ್ಕೆ ದೊಡ್ಡ ಕಾರಣ ಕರೆಂಟು. ಗಾಳಿ ಮಳೆಯ ದಿನ ದೀಪ ಒಂದು ಸಲ ಕಣ್ಣು ಮಿಟುಕಿಸುತ್ತದೆ, ಫ್ಯಾನು ನಿಲ್ಲುವಷ್ಟೂ ಹೊತ್ತಲ್ಲ. ಆದರೆ ಡಬ್ಬಿ ಸತ್ತು ಮತ್ತೆ ಹುಟ್ಟುತ್ತದೆ. ಅದು ಎದ್ದು, ಕಂಪನಿಯೊಡನೆ ಕೈಕುಲುಕಿ, ಫೋನುಗಳನ್ನು ಮತ್ತೆ ಸೇರಿಸಿಕೊಳ್ಳುವುದಕ್ಕೆ ಎರಡು ಮೂರು ನಿಮಿಷ ಬೇಕು. ಆ ಎರಡು ನಿಮಿಷದಲ್ಲಿ ತಮ್ಮನ ಮಗಳ ಅಣಕು ಪರೀಕ್ಷೆಯೊಂದು ಮುಚ್ಚಿಹೋಯಿತು. ಅವಳು ಅತ್ತದ್ದನ್ನು ನೋಡಿದ್ದೇನೆ. ಮುನ್ನೂರರ ಪ್ಲಾನ್ ಇದ್ದರೂ ಆ ಪರೀಕ್ಷೆ ಉಳಿಯುತ್ತಿರಲಿಲ್ಲ. ಉಳಿಸುವುದು ಅಂಗೈಯಷ್ಟು ದೊಡ್ಡ ಹನ್ನೆರಡು ವೋಲ್ಟಿನ ಪುಟ್ಟ ಯುಪಿಎಸ್. ಡಬ್ಬಿಯ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಎಂದು ಬರೆದಿರುತ್ತದೆ, ಅದಕ್ಕೆ ಹೊಂದುವುದನ್ನು ತಂದರೆ ಸಾಕು. ಅದರ ಬೆಲೆ ಏರಿಸಿದ ಪ್ಲಾನಿನ ಕೆಲವೇ ತಿಂಗಳ ಹೆಚ್ಚುವರಿ ದುಡ್ಡು. ಇನ್ವರ್ಟರ್ ಇರುವ ಮನೆಯವರೂ ಒಮ್ಮೆ ಮೇನ್ ಇಳಿಸಿ ನೋಡಬೇಕು. ಕರೆಂಟಿನಿಂದ ಬ್ಯಾಟರಿಗೆ ಹೊರಳುವ ಆ ಚೂರು ಹೊತ್ತಿನಲ್ಲೇ ಕೆಲವು ಡಬ್ಬಿ ಬಿದ್ದು ಏಳುತ್ತವೆ.

ಇನ್ನೊಂದು ತೊಂದರೆ ಇನ್ನೂ ಸೂಕ್ಷ್ಮ. ವೈಫೈನಲ್ಲಿ ಒಂದು ಹೊತ್ತಿಗೆ ಒಬ್ಬರೇ ಮಾತಾಡಬೇಕು, ಉಳಿದವರು ಕಾಯಬೇಕು. ದೂರದ ಕೋಣೆಯಲ್ಲಿ ಸಿಗ್ನಲ್ ಸೊರಗಿದ ಫೋನು ನಿಧಾನವಾಗಿ ಮಾತಾಡುತ್ತದೆ. ಅದು ಒಂದು ಮಾತು ಮುಗಿಸುವಷ್ಟರಲ್ಲಿ ಹತ್ತಿರದ ಫೋನು ಇಪ್ಪತ್ತು ಮಾತಾಡಬಹುದಿತ್ತು. ಹೀಗೆ ಹಿಂದಿನ ಕೋಣೆಯ ಬಡ ಸಿಗ್ನಲ್ಲು ಡಬ್ಬಿಗೆ ಹತ್ತಿರ ಕೂತವರ ವೇಗವನ್ನೂ ತಿನ್ನುತ್ತದೆ. ಫೋನಿನಲ್ಲಿ ಸಿಗ್ನಲ್ಲಿನ ಕಡ್ಡಿ ತುಂಬಿದ್ದರೂ ನೆಟ್ ಓಡದಿರುವುದಕ್ಕೂ ಕಾರಣ ಇಲ್ಲಿದೆ. ಕಡ್ಡಿ ಹೇಳುವುದು ಡಬ್ಬಿಯ ದನಿ ಫೋನಿಗೆ ಕೇಳುತ್ತಿದೆ ಎಂದಷ್ಟೆ. ಫೋನಿನ ಸಣ್ಣ ದನಿ ಡಬ್ಬಿಗೆ ಮುಟ್ಟುತ್ತಿದೆಯೆ ಎಂಬುದನ್ನು ಅದು ಹೇಳುವುದಿಲ್ಲ. ಆದ್ದರಿಂದಲೇ ನಾಲ್ಕಾರು ಉದ್ದ ಕೊಂಬಿನ, ದೂರಕ್ಕೆ ಕೂಗುವ ಡಬ್ಬಿ ತಂದವರಿಗೂ ಸುಖ ಸಿಗದು.

ಅಪ್‌ಲೋಡಿನ ಕಥೆ ಮತ್ತೊಂದು. ಮದುವೆ ಮನೆಯಿಂದ ಬಂದ ರಾತ್ರಿ ಮನೆಯ ಮೂರು ಫೋನೂ ತಾವಾಗಿ ಫೋಟೊ, ವಿಡಿಯೊಗಳನ್ನು ಮೇಲಕ್ಕೆ ಕಳಿಸತೊಡಗುತ್ತವೆ. ಆ ಸಾಲು ಡಬ್ಬಿಯೊಳಗೆ ಜಮೆಯಾಗಿ ನಿಲ್ಲುತ್ತದೆ, ಅತ್ತಿಗೆಯ ಕಾಲ್‌ನ ಮಾತು ಆ ಸಾಲಿನ ಬಾಲದಲ್ಲಿ ಕಾಯುತ್ತದೆ. ಸ್ಪೀಡ್ ಟೆಸ್ಟ್ ಮಾಡಿದರೆ ಅಂಕಿ ಚೆನ್ನಾಗಿಯೇ ಬರಬಹುದು, ಮಾತು ಮಾತ್ರ ನುಂಗಿ ನುಂಗಿ ಬರುತ್ತದೆ. ಅಮೆರಿಕದ ಎಂಜಿನಿಯರ್ ಜಿಮ್ ಗೆಟ್ಟಿಸ್ ತಮ್ಮ ಮನೆಯಲ್ಲೇ ಈ ಕಾಟ ಕಂಡು ಇದಕ್ಕೆ ಬಫರ್‌ಬ್ಲೋಟ್ ಎಂದು ಹೆಸರಿಟ್ಟರು. 2012ರ ಹೊತ್ತಿಗೆ ಆ ಸಾಲನ್ನು ನ್ಯಾಯವಾಗಿ ಹಂಚುವ ವಿಧಾನಗಳೂ ಬಂದವು, ಕೆಲವು ರೂಟರುಗಳಲ್ಲಿ ಅವು ಇವೆ. ಇಲ್ಲದವರು ಫೋಟೊ ಬ್ಯಾಕಪ್ಪನ್ನು ಮಲಗುವ ಹೊತ್ತಿಗೆ ಇಟ್ಟುಕೊಂಡರೂ ಸಂಜೆಯ ಮಾತು ಉಳಿಯುತ್ತದೆ.

ಬೂಸ್ಟರ್ ಬಗ್ಗೆಯೂ ಒಂದು ಮಾತು. ಶಿವಮೊಗ್ಗದ ಅಂಗಡಿಗಳಲ್ಲಿ ಪ್ಲಗ್ಗಿಗೇ ಸಿಕ್ಕಿಸುವ ಪುಟ್ಟ ರಿಪೀಟರುಗಳು ಸಿಗುತ್ತವೆ. ಜನ ತಂದು ಸಿಗ್ನಲ್ ಸತ್ತ ಕೋಣೆಯಲ್ಲೇ ಸಿಕ್ಕಿಸುತ್ತಾರೆ. ಸತ್ತ ಸಿಗ್ನಲ್ ಕೇಳಿಸಿಕೊಂಡ ಯಂತ್ರ ಅದನ್ನೇ ಮರಳಿ ಹೇಳೀತೇ ಹೊರತು ಜೀವ ತುಂಬಲಾರದು. ಇಡಬೇಕಾದದ್ದು ನಡುದಾರಿಯಲ್ಲಿ. ಒಂದೇ ರೇಡಿಯೊ ಇರುವ ರಿಪೀಟರು ಅದೇ ಗಾಳಿಯಲ್ಲಿ ಕೇಳಿ ಅದೇ ಗಾಳಿಯಲ್ಲಿ ಹೇಳಬೇಕಾದ್ದರಿಂದ ವೇಗ ಅರ್ಧಕ್ಕಿಳಿಯುತ್ತದೆ, ಇದೂ ಗೊತ್ತಿರಲಿ. ಡಬ್ಬಿಯ ಹೆಸರಿನ ಮುಂದೆ 5ಜಿ ಎಂದು ಕಂಡರೆ ಅದು ಮೊಬೈಲಿನ 5ಜಿ ಅಲ್ಲ, ಐದು ಗಿಗಾಹರ್ಟ್ಸ್ ಎಂದಷ್ಟೇ ಅರ್ಥ. ಈ ಗೊಂದಲದ ಮೇಲೂ ವ್ಯಾಪಾರ ನಡೆಯುತ್ತಿದೆ.

ನಮ್ಮ ಮನೆಗೆ ಕೊನೆಗೆ ಪರಿಹಾರ ತಂದದ್ದು ಒಂದು ಉದ್ದದ ಕೇಬಲ್ಲು ಮತ್ತು ಒಂದು ಭಾನುವಾರ. ಫೈಬರಿನ ಡಬ್ಬಿಯನ್ನು ಕಿಟಕಿಯ ಹತ್ತಿರವೇ ಬಿಟ್ಟೆವು. ಬೆಳಕಿನ ತಂತಿಯನ್ನು ಚಿಕ್ಕದಾಗಿ ಮಡಚಿದರೆ ಬೆಳಕು ಸೋರುತ್ತದೆ, ಅದನ್ನು ಎಳೆದಾಡುವ ಧೈರ್ಯ ಮಾಡಲಿಲ್ಲ. ಡಬ್ಬಿಯ ಬೆನ್ನಿನಿಂದ ನಾಲ್ಕು ಜೋಡಿ ಎಳೆಯ ಲ್ಯಾನ್ ಕೇಬಲ್ ತೆಗೆದು ಅಟ್ಟದ ಮೇಲೆ ಹಾಯಿಸಿದೆವು. ತಮ್ಮ ಅಟ್ಟದ ಧೂಳಿನಲ್ಲಿ ಹೊಟ್ಟೆ ಎಳೆಯುತ್ತ ಹೋದ, ನಾನು ಕೆಳಗಿನಿಂದ ಟಾರ್ಚ್ ಹಿಡಿದೆ. ಅಪ್ಪ ಎತ್ತಿಟ್ಟಿದ್ದ ಹಳೆಯ ಟಿವಿ ಆಂಟೆನಾ ಅಲ್ಲೇ ತೊಲೆಗೆ ಒರಗಿತ್ತು, ಅದರ ಪಕ್ಕದಲ್ಲೇ ಕೇಬಲ್ ಹೋಯಿತು. ಇಂಥ ಕೇಬಲ್ ನೂರು ಮೀಟರಿನವರೆಗೆ ಸೊರಗದೆ ಹೋಗುತ್ತದೆ. ನಮಗೆ ಬೇಕಾದದ್ದು ಅದರ ಕಾಲು ಭಾಗವೂ ಅಲ್ಲ. ಎರಡೂ ದಾರಿಯಿರುವ ಒಂದು ಸಾಧಾರಣ ರೂಟರನ್ನು ನಡುಮನೆಯಿಂದ ಹಿಂದಿನ ಕೋಣೆಗೆ ಹೋಗುವ ಬಾಗಿಲ ಮೇಲೆ, ಆಳೆತ್ತರಕ್ಕಿಂತ ಮೇಲೆ, ಕೊಂಬು ನೆಟ್ಟಗೆ ನಿಲ್ಲಿಸಿ ಕೂರಿಸಿದೆವು. ಅಕ್ಕಪಕ್ಕದ ಮನೆಯವರೆಲ್ಲ ಒಂದೇ ಚಾನೆಲ್ಲಿನಲ್ಲಿ ಗುಂಪುಗೂಡಿದ್ದರಿಂದ 2.4ರಲ್ಲಿ ಒಂದಕ್ಕೊಂದು ತಾಗದ 1, 6, 11ರ ಪೈಕಿ ಖಾಲಿ ಇದ್ದದ್ದನ್ನು ಆರಿಸಿದೆವು. ಮಗು ಮತ್ತೆ ಹೊಸ್ತಿಲು ಹೊಸ್ತಿಲು ನಿಂತು ನೋಡಿದಳು. ಅವಳ ಕೋಣೆಯಲ್ಲಿ ನಲವತ್ತೈದು. ಮುಂದಿನ ತಿಂಗಳು ಪ್ಲಾನನ್ನು ಮತ್ತೆ ಐವತ್ತಕ್ಕೆ ಇಳಿಸಿದೆವು. ಅವಳ ಕೋಣೆಯಲ್ಲಿ ಆಗಲೂ ನಲವತ್ತರ ಮೇಲೇ ಇತ್ತು.

ದೊಡ್ಡ ಪ್ಲಾನ್ ಎಂದೂ ಬೇಡ ಎನ್ನುವವನು ನಾನಲ್ಲ. ದಿನವೂ ದೊಡ್ಡ ಫೈಲು ಕಳಿಸುವ ಫೋಟೊಗ್ರಾಫರಿಗೆ, ಏಳೆಂಟು ಜನ ಮನೆಯಿಂದಲೇ ಕೆಲಸ ಮಾಡುವ ಕುಟುಂಬಕ್ಕೆ ಅದು ಬೇಕು. ಕಂಪನಿಯ ಕಡೆಯೇ ತಪ್ಪಿರುವ ಸಂದರ್ಭವೂ ಬೇಕಾದಷ್ಟಿದೆ. ಅದನ್ನು ತಿಳಿಯುವುದಕ್ಕೆ ಒಂದೇ ಪರೀಕ್ಷೆ ಸಾಕು: ಒಂದು ಲ್ಯಾಪ್‌ಟಾಪನ್ನು ಡಬ್ಬಿಗೆ ನೇರ ಕೇಬಲ್ಲಿನಿಂದ ಜೋಡಿಸಿ, ವೈಫೈ ಆಫ್ ಮಾಡಿ, ಬೆಳಿಗ್ಗೆ ಒಮ್ಮೆ, ರಾತ್ರಿ ಒಂಬತ್ತಕ್ಕೆ ಒಮ್ಮೆ ವೇಗ ನೋಡಿ. ಕೇಬಲ್ಲಿನಲ್ಲಿ ಪೂರ್ತಿ ಬರುತ್ತಿದ್ದರೆ ತೊಂದರೆ ಮನೆಯೊಳಗಿದೆ. ಕೇಬಲ್ಲಿನಲ್ಲೂ ಬಾರದಿದ್ದರೆ ತೊಂದರೆ ಹೊರಗಿದೆ. ಆಗ ನೀವು ಕೇಳಬೇಕಾದದ್ದು ದುಡ್ಡು ಕೊಟ್ಟು ಕೊಂಡ ಐವತ್ತನ್ನು. ಐವತ್ತನ್ನೇ ಕೊಡಲಾರದವರು ನೂರೈವತ್ತು ಕೊಡುತ್ತೇನೆ ಎಂದರೆ ಯಾವ ನಂಬಿಕೆಯ ಮೇಲೆ ಒಪ್ಪುವುದು? ಡಬ್ಬಿಯಲ್ಲಿ ಎಲ್‌ಒಎಸ್ ಎಂಬ ಕೆಂಪು ದೀಪ ಮಿನುಗುತ್ತಿದ್ದರೆ ಬೆಳಕು ಬರುತ್ತಿಲ್ಲ. ಬರುತ್ತಿದ್ದರೂ ಎಷ್ಟು ಬಲದಿಂದ ಎನ್ನುವುದನ್ನು ಕೆಲಸಗಾರರ ಕೈಯ ಪವರ್ ಮೀಟರ್ ತೋರಿಸುತ್ತದೆ. ಅಂಕಿ ಮೈನಸ್ 27 ಡಿಬಿಎಂ ಆಸುಪಾಸಿಗೆ ಇಳಿದಿದ್ದರೆ ಸಂಪರ್ಕ ಕಡಿಯುವ ಅಂಚಿನಲ್ಲಿದೆ ಎಂದರ್ಥ; ಎಲ್ಲೋ ತಂತಿ ಮಡಚಿದೆ, ಜೋಡಣೆಯಲ್ಲಿ ಧೂಳಿದೆ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2024ರ ಆಗಸ್ಟಿನಲ್ಲಿ ಹೊರಡಿಸಿದ ಸೇವಾ ಗುಣಮಟ್ಟದ ನಿಯಮಗಳು ವೇಗದ ಜೊತೆಗೆ ಪ್ರತಿಕ್ರಿಯೆಯ ವಿಳಂಬ, ದಾರಿಯಲ್ಲಿ ಕಳೆದುಹೋಗುವ ಪ್ಯಾಕೆಟ್ಟುಗಳನ್ನೂ ಲೆಕ್ಕಕ್ಕೆ ಹಿಡಿಯುತ್ತವೆ. ನಿಯಮ ಮಾಡುವವರೇ ಒಂದೇ ಅಂಕಿಯನ್ನು ಬಿಟ್ಟು ಮುಂದೆ ಬಂದಿರುವಾಗ ಮನೆ ಬಾಗಿಲಲ್ಲಿ ನಿಲ್ಲುವವರು ಅದೇ ಅಂಕಿಗೆ ಯಾಕೆ ಜೋತುಬಿದ್ದಿದ್ದಾರೆ?

ನಾನು ಕೇಳುವುದು ಹೆಚ್ಚಿನದೇನಲ್ಲ. ಗ್ಯಾಸ್ ಸ್ಟೌವ್ ಜೋಡಿಸಲು ಬಂದವನು ಉರಿ ಹೊತ್ತಿಸಿ ತೋರಿಸದೆ ಹೋಗುವುದಿಲ್ಲ. ಬೋರ್‌ವೆಲ್ಲಿಗೆ ಮೋಟಾರ್ ಇಳಿಸಿದವನು ನೀರು ಬಿದ್ದ ಮೇಲೇ ದುಡ್ಡು ಕೇಳುತ್ತಾನೆ. ವೈಫೈ ಹಾಕುವವನೂ ಮನೆಯವರು ಎಲ್ಲಿ ಕೂತು ಬಳಸುತ್ತಾರೆ ಎಂದು ಮೊದಲು ಕೇಳಲಿ. ತಂತಿ ಒಳಬಂದ ಜಾಗವೇ ಡಬ್ಬಿಯ ಜಾಗ ಎಂದುಕೊಳ್ಳದಿರಲಿ. ಹೊರಡುವ ಮೊದಲು ಮನೆಯವರ ಫೋನಿನಲ್ಲೇ ಪ್ರತಿ ಕೋಣೆಯ ವೇಗ ತೋರಿಸಲಿ.

ಮೊನ್ನೆ ಎದುರು ಮನೆಯ ಅಜ್ಜಿಗೆ ಅದೇ ಹುಡುಗ ಅದೇ ಪ್ಲಾನ್ ಹೇಳುತ್ತಿದ್ದ. ನಾನು ಹೋಗಿ, "ತಮ್ಮಾ, ಒಂದ್ ನಿಮಿಷ, ನಿನ್ನ ಫೋನ್ ತಗೊಂಡು ಅಜ್ಜಿ ಅಡಿಗೆಮನೆಗೆ ಬಾ" ಎಂದೆ. ಬಂದ. ಒಲೆಯ ಪಕ್ಕ ನಿಂತು ಟೆಸ್ಟ್ ಒತ್ತಿದ. ಮುಳ್ಳು ಏಳಲೇ ಇಲ್ಲ. ಅವನು ತಲೆಯೆತ್ತಿ ಪಡಸಾಲೆಯ ಕಡೆ ನೋಡಿದ, ನಡುವಿನ ಗೋಡೆಯನ್ನು ಅಂಗೈಯಿಂದ ಎರಡು ಸಲ ತಟ್ಟಿದ.

"ಮಣ್ಣಿನ ಗೋಡೇನಾ ಅಜ್ಜಿ?"

"ಹೂಂ ಮಗಾ, ನಮ್ಮತ್ತೆ ಕಟ್ಸಿದ್ದು."

"ಇದನ್ನ ಆ ಕಡೆ ಇಡ್ಬೇಕಿತ್ತು" ಎಂದ. ಬೈಕಿನ ಪೆಟ್ಟಿಗೆಯಲ್ಲಿದ್ದ ಕೇಬಲ್ಲಿನ ಸುರುಳಿ ತರಲು ಹೊರಗೆ ಹೋದ.